ಹಸಿವಿಗೂ ಅಂಕ ಉಂಟು

ಮೊನ್ನೆ ದೊಡ್ಡಮ್ಮನ ಜಗಲಿ ಮೇಲೆ ಸಮೀಕ್ಷೆಯ ಹುಡುಗ ಟ್ಯಾಬ್ ಹಿಡಿದು ಕೂತಿದ್ದ. ವಿಷಯ: ಗ್ರಾಮೀಣ ಸಾಲ ಮತ್ತು ಬಡವರ ಆಹಾರ ಭದ್ರತೆ. ಭದ್ರತೆ ಅಂದಕೂಡಲೇ ದೊಡ್ಡಮ್ಮ ಒಳಗೆ ಹೋಗಿ ರಾಗಿಹಿಟ್ಟಿನ ಡಬ್ಬಿ ಭದ್ರವಾಗಿ ಮುಚ್ಚಿ ಬಂದಳು.

"ಅಮ್ಮ, ವಾರದಲ್ಲಿ ಎಷ್ಟು ದಿನ ಊಟ ಕಮ್ಮಿ ಮಾಡಿದ್ರಿ?"

"ಯಾವ ವಾರ ಮಗಾ? ಕಂತು ಇರೋ ವಾರವಾ, ಇಲ್ಲದ್ದಾ?"

ಆ ಆಯ್ಕೆ ಟ್ಯಾಬಿನಲ್ಲಿ ಇರಲಿಲ್ಲ.

ಹಸಿವು ಅಳೆಯಲು ಲೋಕವೆಲ್ಲ ಬಳಸುವ ಕೋಲೊಂದಿದೆ. ಸೇರದಿದ್ದರೂ ಅಗ್ಗದ್ದನ್ನೇ ತಿಂದರೆ ದಿನಕ್ಕೆ 1 ಅಂಕ. ತುತ್ತು ಕಮ್ಮಿ ಮಾಡಿದರೆ 1, ಒಂದು ಹೊತ್ತು ಬಿಟ್ಟರೆ 1. ಪಕ್ಕದ ಮನೆಯಿಂದ ಸೇರು ರಾಗಿ ಕಡ ತಂದರೆ 2. ಮಕ್ಕಳಿಗೆ ಬಡಿಸಿ ದೊಡ್ಡವರು ನೀರು ಕುಡಿದು ಮಲಗಿದರೆ 3. ಏಳೂ ದಿನ ಎಲ್ಲವನ್ನೂ ಮಾಡಿದವರಿಗೆ 56ಕ್ಕೆ 56. ನಮ್ಮ ವಂಶದಲ್ಲಿ ಯಾರಿಗೂ ಇಂಥ ಮಾರ್ಕ್ಸ್ ಬಂದದ್ದಿಲ್ಲ. ಇದಕ್ಕೆಲ್ಲ ಪಂಡಿತರು ಇಟ್ಟ ಹೆಸರು ‘ನಿಭಾಯಿಸುವ ತಂತ್ರ’. ನಮ್ಮೂರಲ್ಲಿ ಹೊಟ್ಟೆಗೆ ತಣ್ಣೀರು ಬಟ್ಟೆ ಅನ್ನುತ್ತೇವೆ. ತಂತ್ರ ಅಂತ ಗೊತ್ತಿರಲಿಲ್ಲ.

ಹುಡುಗ ಮುಂದಿನ ಭಾಗಕ್ಕೆ ಹೋದ. ಅಲ್ಲಿ ದೊಡ್ಡಮ್ಮ ಮಾದರಿ ಗ್ರಾಹಕಿ! ಮೂರು ಕಡೆ ಸಂಘದ ಸಾಲ, ಒಂದು ಕಂತೂ ತಪ್ಪಿಲ್ಲ. ಕಂತುಗಳೆಲ್ಲ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ಮೀರಿಲ್ಲ, ಕಾಗದದಲ್ಲಿ. ಸಾಲ ಕೊಟ್ಟವರು ಬರೆದುಕೊಂಡ ಆದಾಯ ನೋಡಿದರೆ ದೊಡ್ಡಮ್ಮ ನನಗೇ ಸಾಲ ಕೊಡಬಹುದು.

ಹಸಿವಿನಲ್ಲೂ ಫಸ್ಟ್ ಕ್ಲಾಸ್, ಮರುಪಾವತಿಯಲ್ಲೂ ಫಸ್ಟ್ ಕ್ಲಾಸ್. ಎರಡಕ್ಕೂ ಏನಾದರೂ ನಂಟು ಇದ್ದೀತೇ ಅಂತ ಹುಡುಗನನ್ನು ಕೇಳಿದೆ. "ಅದಕ್ಕೆ ಇನ್ನೂ ಸಂಶೋಧನೆ ಆಗಬೇಕು ಸಾರ್" ಅಂದ. ಆಗಲಿ, ಪಾಪ. ದೊಡ್ಡಮ್ಮ ಎಲ್ಲಿಗೂ ಹೋಗುವುದಿಲ್ಲ.

2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು ಅಂದಿತು. ಈಗ ವಸೂಲಿಯವರು ನಮ್ಮ ಜಗಲಿ ಹತ್ತುವುದಿಲ್ಲ. ಬೀದಿ ಕೊನೆಯಲ್ಲಿ ಬೈಕ್ ನಿಲ್ಲಿಸಿ ಸಂಘದ ಹೆಂಗಸರನ್ನು ಕಳಿಸುತ್ತಾರೆ. ಒಬ್ಬಳು ಕಟ್ಟದಿದ್ದರೆ ಮಿಕ್ಕವರ ತಲೆಗೆ ಬರುತ್ತದಲ್ಲ! ಅವರ ಮೇಲೆ ದೂರು ಕೊಡೋಣ ಅಂದರೆ, ರಾಗಿ ಕಡ ಕೊಡುವವರೂ ಅವರೇ.

ಪ್ರಶ್ನೆ ಮುಗಿಯುವಷ್ಟರಲ್ಲಿ ಕೂಲಿಗೆ ಹೋಗುವ ಹೊತ್ತು ದಾಟಿತ್ತು. ಹುಡುಗ ನೆನಪಿಗೆ ಇರಲಿ ಅಂತ ಸ್ಟೀಲಿನ ಊಟದ ತಟ್ಟೆ ಕೊಟ್ಟ. ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುವಿ ನೋಡಿದಳು.

"ಇದಕ್ಕೆ ಕಂತು ಎಷ್ಟು ಮಗಾ?"