ಮನೆಯ ಫೋನಿಗೆ ಬರುವ ರೋಬೋಕಾಲ್‌ಗಳು: ನಂಬರುಗಳ ಬೆನ್ನು ಹತ್ತಿದ್ದು ಸಾಕು

ಬೇಡದ ಕರೆ ಬಂದಾಗಲೆಲ್ಲ ಆ ನಂಬರನ್ನು ಹುಡುಕಿ ಬ್ಲಾಕ್ ಮಾಡುತ್ತ ಹೋದರೆ ಮನೆಯ ಫೋನು ಒಂದಲ್ಲ ಒಂದು ದಿನ ಸುಮ್ಮನಾಗುತ್ತದೆ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಆ ನಂಬಿಕೆಯನ್ನು ಕೈಬಿಡುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾರನ್ನು ತಡೆಯಬೇಕು ಎಂಬ ಪಟ್ಟಿಗೆ ಕೊನೆಯಿಲ್ಲ. ಯಾರನ್ನು ಒಳಗೆ ಬಿಡಬೇಕು ಎಂಬ ಪಟ್ಟಿಯಾದರೋ ಹೆಚ್ಚಿನ ಮನೆಗಳಲ್ಲಿ ಒಂದು ಪುಟವನ್ನೂ ತುಂಬುವುದಿಲ್ಲ.

ರೋಬೋಕಾಲ್, ಅಂದರೆ ಯಂತ್ರ ಮಾಡುವ ಕರೆ, ಹುಟ್ಟುವುದು ಹೇಗೆಂದು ಮೊದಲು ನೋಡೋಣ. ರಿಸೀವರ್ ಎತ್ತಿ ‘ಹಲೋ’ ಎನ್ನುತ್ತೀರಿ, ಒಂದೆರಡು ಕ್ಷಣ ಏನೂ ಕೇಳುವುದಿಲ್ಲ, ಬಳಿಕ ‘ಟಕ್’ ಎಂಬ ಸಣ್ಣ ಸದ್ದಾಗಿ ಯಾರದೋ ಉತ್ಸಾಹದ ಧ್ವನಿ ಶುರುವಾಗುತ್ತದೆ. ಆ ಮೌನಕ್ಕೆ ಕಾರಣ, ಕರೆ ಮಾಡಿದ್ದು ಮನುಷ್ಯನಲ್ಲ, ಏಕಕಾಲಕ್ಕೆ ಅನೇಕ ನಂಬರುಗಳನ್ನು ಒತ್ತುವ ಸಾಫ್ಟ್‌ವೇರ್. ಎತ್ತಿದ್ದು ಮನುಷ್ಯನೋ ಆನ್ಸರಿಂಗ್ ಮಷೀನೋ ಎಂದು ಅದು ಆ ಮೌನದಲ್ಲಿ ಅಳೆಯುತ್ತದೆ, ಮನುಷ್ಯನೆಂದು ತೋರಿದರೆ ಧ್ವನಿಮುದ್ರಿತ ಸಂದೇಶವನ್ನು ಬಿಡುತ್ತದೆ ಅಥವಾ ಖಾಲಿ ಕುಳಿತ ನೌಕರನಿಗೆ ಕರೆಯನ್ನು ದಾಟಿಸುತ್ತದೆ. ಯಾವ ನೌಕರನೂ ಬಿಡುವಾಗಿರದಿದ್ದರೆ ಕರೆ ಹಾಗೆಯೇ ಕಡಿದುಹೋಗುತ್ತದೆ. ಯಾರೋ ಕಿಡಿಗೇಡಿಗಳು ಫೋನ್ ಮಾಡಿ ಮಾತಾಡದೆ ಇಡುತ್ತಿದ್ದಾರೆಂದು ವಯಸ್ಸಾದವರು ಹೆದರುವುದುಂಟಲ್ಲ, ಅಂಥ ಮೂಕ ಕರೆಗಳಲ್ಲಿ ಎಷ್ಟೋ ಈ ಜಾತಿಯವು.

ಇನ್ನು ಪರದೆಯ ಮೇಲೆ ಮೂಡುವ ನಂಬರಿನ ವಿಷಯ. ಇಂಟರ್ನೆಟ್ ಮೂಲಕ ಕರೆ ಮಾಡುವ ವ್ಯವಸ್ಥೆಯಲ್ಲಿ, ಕರೆಯುವವನು ತನಗೆ ಬೇಕಾದ ನಂಬರನ್ನು ಕಾಲರ್ ಐಡಿಯಾಗಿ ಕಳುಹಿಸಬಹುದು. ನಿಮ್ಮದೇ ಬಡಾವಣೆಯ ಫೋನಿನಂತೆ ಕಾಣಲೆಂದು ಮೊದಲ ಅಂಕಿಗಳನ್ನು ನಿಮ್ಮ ನಂಬರಿನಿಂದಲೇ ಎರವಲು ಪಡೆದು, ಕೊನೆಯ ನಾಲ್ಕನ್ನು ಮಾತ್ರ ಬದಲಿಸುವುದು ಅವರ ಮಾಮೂಲಿ ತಂತ್ರ. ನೀವು ಸಿಟ್ಟಿನಿಂದ ಬ್ಲಾಕ್ ಮಾಡುವುದು ವಂಚಕನ ನಂಬರನ್ನಲ್ಲ, ಏನೂ ಅರಿಯದ ಯಾವುದೋ ಗೃಹಸ್ಥರ ನಂಬರನ್ನು. ವಂಚಕ ಅದನ್ನು ಮತ್ತೆ ಬಳಸುವ ಸಂಭವ ಕಡಿಮೆ. ಆ ಗೃಹಸ್ಥರಿಗೆ ಮಾತ್ರ ‘ನನಗೇಕೆ ಫೋನ್ ಮಾಡಿದಿರಿ’ ಎಂದು ರೇಗುವವರ ಕರೆಗಳು ಬರತೊಡಗುತ್ತವೆ. ಕಾರ್ಡ್‌ಲೆಸ್ ಫೋನುಗಳ ಬ್ಲಾಕ್ ಪಟ್ಟಿಗೆ ಮಿತಿ ಬೇರೆ ಇರುತ್ತದೆ, ಹೀಗೆ ಸತ್ತ ನಂಬರುಗಳಿಂದಲೇ ಅದು ತುಂಬಿಹೋಗುತ್ತದೆ.

ಕಾನೂನು ಸುಮ್ಮನೆ ಕೂತಿಲ್ಲ. ಈ ಪಿಡುಗಿನಿಂದ ಹೆಚ್ಚು ನರಳಿರುವ ಅಮೆರಿಕದಲ್ಲಿ 1991ರಷ್ಟು ಹಿಂದೆಯೇ ಗ್ರಾಹಕರ ರಕ್ಷಣೆಗೆ ದೂರವಾಣಿ ಕಾಯ್ದೆ ಬಂತು, 2003ರಲ್ಲಿ ಮಾರಾಟದ ಕರೆ ಬೇಡವೆಂದವರ ನಂಬರುಗಳ ‘ಡು ನಾಟ್ ಕಾಲ್’ ಪಟ್ಟಿ ಆರಂಭವಾಯಿತು, 2009ರಿಂದ ಲಿಖಿತ ಒಪ್ಪಿಗೆಯಿಲ್ಲದೆ ಮುದ್ರಿತ ಧ್ವನಿಯ ಮಾರಾಟದ ಕರೆ ಮಾಡುವುದನ್ನು ಅಲ್ಲಿನ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ನಿಷೇಧಿಸಿತು. ಆದರೂ ಕರೆಗಳು ನಿಲ್ಲಲಿಲ್ಲ. ಆ ಪಟ್ಟಿಯನ್ನು ಕೊಂಡು ನೋಡಿ, ಅದರಲ್ಲಿರುವ ನಂಬರುಗಳನ್ನು ಬಿಟ್ಟು ಕರೆ ಮಾಡುವವರು ಮರ್ಯಾದಸ್ಥ ವ್ಯಾಪಾರಿಗಳು ಮಾತ್ರ. ಹಣ ದೋಚಲೆಂದೇ ಕುಳಿತವನು ಪಟ್ಟಿಯನ್ನು ಏಕೆ ನೋಡಿಯಾನು? ಇದರ ಮೇಲೆ ರಾಜಕೀಯ ಪಕ್ಷಗಳಿಗೆ, ದತ್ತಿ ಸಂಸ್ಥೆಗಳಿಗೆ, ಸಮೀಕ್ಷೆ ನಡೆಸುವವರಿಗೆ ಆ ಪಟ್ಟಿ ಅನ್ವಯಿಸುವುದಿಲ್ಲ. ಕಾನೂನು ಮಾಡುವವರು ತಮ್ಮ ಚುನಾವಣೆಯ ಕರೆಗಳಿಗೆ ಬಾಗಿಲನ್ನು ತೆರೆದೇ ಇಟ್ಟುಕೊಂಡಿದ್ದಾರೆ ಎಂಬುದನ್ನು ಗಮನಿಸದೆ ಇರಲಾರೆ.

ನಂಬರು ನಕಲಿಯೋ ಅಸಲಿಯೋ ಎಂದು ಪರೀಕ್ಷಿಸುವ ಕೆಲಸ ಫೋನ್ ಕಂಪನಿಗಳದ್ದೇ ಹೊರತು ನಮ್ಮದಲ್ಲ. ಅದಕ್ಕೆಂದೇ ಸ್ಟರ್ ಮತ್ತು ಶೇಕನ್ ಎಂಬ ಜೋಡಿ ವ್ಯವಸ್ಥೆ ರೂಪುಗೊಂಡಿತು: ಕರೆ ಹೊರಡುವ ಕಂಪನಿ, ‘ಈ ಗ್ರಾಹಕ ನನಗೆ ಗೊತ್ತು, ಈ ನಂಬರು ಅವನದೇ’ ಎಂದು ಡಿಜಿಟಲ್ ಸಹಿ ಹಾಕುತ್ತದೆ, ಕರೆ ತಲುಪುವ ಕಂಪನಿ ಆ ಸಹಿಯನ್ನು ಪರಿಶೀಲಿಸುತ್ತದೆ. ಅಮೆರಿಕದಲ್ಲಿ 2019ರ ಕೊನೆಯಲ್ಲಿ ಬಂದ ಕಾಯ್ದೆಯ ಫಲವಾಗಿ, 2021ರ ಜೂನ್ 30ರೊಳಗೆ ದೊಡ್ಡ ಕಂಪನಿಗಳು ತಮ್ಮ ಐಪಿ ಜಾಲಗಳಲ್ಲಿ ಇದನ್ನು ಅಳವಡಿಸಬೇಕಾಯಿತು. ‘ಐಪಿ ಜಾಲಗಳಲ್ಲಿ’ ಎಂಬಲ್ಲಿಯೇ ಮನೆಯ ಫೋನಿನವರು ಪೆಟ್ಟು ತಿಂದಿರುವುದು. ಆ ಸಹಿ ಕರೆಯ ಜೊತೆ ಪಯಣಿಸುವುದು ಇಂಟರ್ನೆಟ್ ಮಾದರಿಯ ಜಾಲದಲ್ಲಿ ಮಾತ್ರ. ನಡುವೆ ಎಲ್ಲಾದರೂ ಹಳೆಯ ಕಾಲದ ಎಕ್ಸ್‌ಚೇಂಜ್ ಬಂದರೆ ಸಹಿ ಅಲ್ಲಿಯೇ ಉದುರಿಹೋಗುತ್ತದೆ. ತಾಮ್ರದ ತಂತಿಯನ್ನು ಇನ್ನೂ ಉಳಿಸಿಕೊಂಡಿರುವವರು ಬಹುಮಟ್ಟಿಗೆ ಹಿರಿಯರು, ಮೋಸಗಾರರ ಕಣ್ಣು ಇರುವುದೂ ಅವರ ಮೇಲೆಯೇ. ರಕ್ಷಣೆ ಹೆಚ್ಚು ಬೇಕಾದವರಿಗೇ ಅದು ಕೊನೆಗೆ ತಲುಪುತ್ತಿದೆ ಎಂಬುದು ನನ್ನ ಮುಖ್ಯ ತಕರಾರು.

ತಂತಿಗೆ ಜೋಡಿಸುವ ಕಾಲ್ ಬ್ಲಾಕರ್ ಪೆಟ್ಟಿಗೆಗಳ ಬಗ್ಗೆ ಅನೇಕರು ಕೇಳುತ್ತಾರೆ. ಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಲಿ. ಉತ್ತರ ಅಮೆರಿಕದ ಪದ್ಧತಿಯಲ್ಲಿ ಕಾಲರ್ ಐಡಿಯ ಮಾಹಿತಿ ತಂತಿಯಲ್ಲಿ ಬರುವುದೇ ಮೊದಲ ಮತ್ತು ಎರಡನೆಯ ರಿಂಗ್‌ಗಳ ನಡುವಿನ ಬಿಡುವಿನಲ್ಲಿ. ಆದ್ದರಿಂದ ಪೆಟ್ಟಿಗೆ ಎಷ್ಟೇ ಚುರುಕಾಗಿದ್ದರೂ ಕರೆ ಯಾರದೆಂದು ಅದಕ್ಕೆ ತಿಳಿಯುವ ಹೊತ್ತಿಗೆ ಫೋನು ಒಮ್ಮೆ ಬಡಿದುಕೊಂಡಿರುತ್ತದೆ. ಮೊದಲ ರಿಂಗನ್ನು ಮೌನವಾಗಿಸುವ ಸೌಲಭ್ಯ ಕೆಲವು ಕಾರ್ಡ್‌ಲೆಸ್ ಫೋನುಗಳಲ್ಲಿದೆ. ಹಗಲು ನಿದ್ದೆ ಮಾಡುವವರು, ಕಾಯಿಲೆಯವರು ಇರುವ ಮನೆಗೆ ಕೊಳ್ಳುವಾಗ ಬ್ಲಾಕ್ ಪಟ್ಟಿ ಎಷ್ಟು ಉದ್ದವಿದೆ ಎಂಬುದಕ್ಕಿಂತ ಈ ಸೌಲಭ್ಯ ಇದೆಯೋ ಇಲ್ಲವೋ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಇಂಟರ್ನೆಟ್ ಮೂಲಕ ಬರುವ ಮನೆಯ ಫೋನಾದರೆ ‘ನೊಮೊರೊಬೊ’ದಂಥ ಸೇವೆ ಸಿಗುತ್ತದೆ. ಫೆಡರಲ್ ಟ್ರೇಡ್ ಕಮಿಷನ್ ನಡೆಸಿದ ಸ್ಪರ್ಧೆಯಲ್ಲಿ 2013ರಲ್ಲಿ ಬಹುಮಾನ ಪಡೆದ ಕಲ್ಪನೆ ಇದು. ಕರೆ ನಿಮ್ಮ ಫೋನಿನಲ್ಲೂ ಅವರ ಕಂಪ್ಯೂಟರಿನಲ್ಲೂ ಒಟ್ಟಿಗೆ ರಿಂಗಾಗುತ್ತದೆ, ರೋಬೋಕಾಲ್ ಎಂದು ಕಂಡರೆ ಅವರ ಕಂಪ್ಯೂಟರೇ ಅದನ್ನು ಎತ್ತಿ ಮುಗಿಸಿಬಿಡುತ್ತದೆ. ಇಲ್ಲಿಯೂ ಒಂದು ರಿಂಗು ಮಾತ್ರ ತಪ್ಪಿದ್ದಲ್ಲ.

ನನಗೆ ಒಪ್ಪಿಗೆಯಾಗಿರುವ ದಾರಿ ಇದರ ತಿರುವುಮುರುವು. ಫೋನಿನ ವಿಳಾಸಪಟ್ಟಿಯಲ್ಲಿ ಇರುವವರ ಕರೆ ನೇರವಾಗಿ ರಿಂಗಾಗಲಿ. ಉಳಿದವರಿಗೆ ‘ನಿಮ್ಮ ಹೆಸರು ಹೇಳಿ ಒಂದು ಬಟನ್ ಒತ್ತಿ’ ಎಂಬ ಸೂಚನೆ ಕೇಳಿಸಲಿ. ಈ ಸೌಲಭ್ಯವಿರುವ ಫೋನುಗಳೂ ಪೆಟ್ಟಿಗೆಗಳೂ ಸಿಗುತ್ತವೆ. ಯಂತ್ರಗಳಲ್ಲಿ ಹೆಚ್ಚಿನವು ಈ ಹೊಸ್ತಿಲು ದಾಟುವುದಿಲ್ಲ, ಮನುಷ್ಯನಾದರೆ ಕೊಂಚ ಗೊಣಗುತ್ತಲಾದರೂ ಹೆಸರು ಹೇಳುತ್ತಾನೆ. ಇದರಲ್ಲಿ ಒಂದು ನಿಜವಾದ ತೊಡಕಿದೆ: ಎಲ್ಲ ಯಂತ್ರದ ಕರೆಗಳೂ ಕೆಟ್ಟವಲ್ಲ. ನಾಳೆ ಶಾಲೆಗೆ ರಜೆ ಎಂದೋ, ವೈದ್ಯರನ್ನು ಕಾಣುವ ಸಮಯ ಬದಲಾಗಿದೆ ಎಂದೋ, ಪ್ರವಾಹದ ಎಚ್ಚರಿಕೆ ಎಂದೋ ಬರುವ ಕರೆಯೂ ರೋಬೋಕಾಲೇ, ಅದಕ್ಕೂ ಹೆಸರು ಹೇಳಲು ಬಾರದು. ಆಸ್ಪತ್ರೆಯವರು ಎಷ್ಟೋ ಸಲ ನಂಬರನ್ನು ಮರೆಮಾಡಿ ಕರೆಯುತ್ತಾರೆ. ಹಾಗಾಗಿ ಮನೆಗೆ ಸಂಬಂಧಪಟ್ಟ ಶಾಲೆ, ಆಸ್ಪತ್ರೆ, ಔಷಧದ ಅಂಗಡಿಗಳ ನಂಬರುಗಳನ್ನು ಕೇಳಿ ಪಡೆದು ಮೊದಲೇ ಸೇರಿಸಬೇಕು, ಉಳಿದ ಕರೆಗಳನ್ನು ಪೂರ್ತಿ ಕಡಿಯದೆ ಆನ್ಸರಿಂಗ್ ಮಷೀನಿಗೆ ಬಿಡಬೇಕು. ಮುದ್ರಿತ ಸಂದೇಶದ ಬಾಲವಷ್ಟೇ ಅದರಲ್ಲಿ ದಾಖಲಾಗಬಹುದು, ಆದರೂ ಯಾರೆಂದು ತಿಳಿಯಲು ಅಷ್ಟು ಸಾಕಾಗುತ್ತದೆ.

‘ನಮ್ಮ ಪಟ್ಟಿಯಿಂದ ಹೊರಬರಲು ಒಂಬತ್ತನ್ನು ಒತ್ತಿ’ ಎಂಬ ಮಾತಿಗೆ ಮಾತ್ರ ಯಾರೂ ಮರುಳಾಗಬಾರದು. ವಂಚಕರ ಕರೆಯಲ್ಲಿ ಅದನ್ನು ಒತ್ತಿದರೆ, ಈ ನಂಬರಿನಲ್ಲಿ ಕೇಳುವ ಕಿವಿಯೊಂದಿದೆ ಎಂದು ನೀವೇ ಖಚಿತಪಡಿಸಿದಂತೆ. ಅವರೊಂದಿಗೆ ಜಗಳವಾಡುವುದಕ್ಕೂ ಇದೇ ಮಾತು ಸಲ್ಲುತ್ತದೆ. ಹಾಗೆ ಜಗಳವಾಡಿ ಸುಖಪಡುವ ಗೆಳೆಯರು ನನಗಿದ್ದಾರೆ, ಅವರ ಸುಖಕ್ಕೆ ನಾನು ಅಡ್ಡ ಬರುವುದಿಲ್ಲ.

ವಿಳಾಸಪಟ್ಟಿಯಲ್ಲಿರುವ ನಂಬರಿನಿಂದಲೇ ಬಂದ ಕರೆಯನ್ನೂ ಕಣ್ಣುಮುಚ್ಚಿ ನಂಬುವ ಕಾಲ ಮುಗಿದಿದೆ, ಏಕೆಂದರೆ ನಂಬರಿನ ಜೊತೆ ಈಗ ಧ್ವನಿಯನ್ನೂ ನಕಲು ಮಾಡಬಹುದು. 2024ರ ಜನವರಿಯಲ್ಲಿ ಅಮೆರಿಕದ ಅಂದಿನ ಅಧ್ಯಕ್ಷರ ಧ್ವನಿಯನ್ನು ಕೃತಕವಾಗಿ ಸೃಷ್ಟಿಸಿ ನ್ಯೂ ಹ್ಯಾಂಪ್‌ಶೈರ್‌ನ ಮತದಾರರಿಗೆ ಕರೆ ಮಾಡಲಾಯಿತು. ಮರುತಿಂಗಳೇ, ಎಐ ಧ್ವನಿಯ ಕರೆಗಳೂ 1991ರ ಕಾಯ್ದೆಯಡಿ ಬರುತ್ತವೆಂದು ಅಲ್ಲಿನ ಸಂವಹನ ಆಯೋಗ ಸ್ಪಷ್ಟಪಡಿಸಿತು. ಮೊಮ್ಮಗನ ಧ್ವನಿಯಲ್ಲಿ ತುರ್ತಾಗಿ ಹಣ ಕೇಳಿದರೆ ಫೋನ್ ಇಟ್ಟು, ನಿಮ್ಮಲ್ಲಿರುವ ನಂಬರಿಗೆ ನೀವೇ ತಿರುಗಿ ಕರೆ ಮಾಡಿ. ಆದರೆ ಹಳೆಯ ಲ್ಯಾಂಡ್‌ಲೈನ್‌ಗಳಲ್ಲಿ ಕರೆ ಮಾಡಿದವನು ಫೋನ್ ಇಡುವ ತನಕ ಲೈನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿರುವುದುಂಟು. ನೀವು ಇಟ್ಟು ತಕ್ಷಣ ಎತ್ತಿದರೆ, ವಂಚಕ ಆ ಕಡೆಯಿಂದ ಡಯಲ್ ಟೋನಿನ ಸದ್ದನ್ನು ಕೇಳಿಸುತ್ತಾನೆ, ನೀವು ನಂಬರು ಒತ್ತುತ್ತೀರಿ, ಮತ್ತೆ ಅವನ ಕಡೆಯವನೇ ‘ಹಲೋ’ ಎನ್ನುತ್ತಾನೆ. ಆದ್ದರಿಂದ ತಿರುಗಿ ಕರೆ ಮಾಡುವುದು ಮೊಬೈಲಿನಿಂದ ಆಗಲಿ, ಅದಿಲ್ಲದಿದ್ದರೆ ಮೊದಲು ಅದೇ ಫೋನಿನಿಂದ ಧ್ವನಿ ಚೆನ್ನಾಗಿ ಪರಿಚಯವಿರುವ ಬೇರೊಬ್ಬರಿಗೆ ಕರೆ ಮಾಡಿ, ಎತ್ತಿದ್ದು ಅವರೇ ಹೌದೇ ಎಂದು ನೋಡಿ.