ಮೊದಲ ಸ್ಥಾನದವರು ಅಲ್ಲಿಯೇ ಇರತಕ್ಕದ್ದು

ಸ್ಪೇನಿನಲ್ಲಿ ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಮೀಸಲು ತಂಡವನ್ನು ‘ಫಿಲಿಯಲ್’ ಎಂದು ಕರೆಯುತ್ತಾರೆ. ಆ ಪದದ ಲ್ಯಾಟಿನ್ ಬೇರಿನಲ್ಲಿ ಮಗನಿದ್ದಾನೆ, ಮತ್ತು ಲೀಗಿನ ನಿಯಮಾವಳಿಯನ್ನು ಬರೆದ ಮಹನೀಯರು ಆ ಬೇರಿಗೆ ಬಹಳ ನಿಷ್ಠೆಯಿಂದ ನೀರೆರೆದಿದ್ದಾರೆ. ಮೂಲ ತಂಡವಿರುವ ಡಿವಿಷನ್ನಿನಲ್ಲಿ ಅದರ ಮೀಸಲು ತಂಡ ಇರುವಂತಿಲ್ಲ. ಅಪ್ಪ ಜಗಲಿಯಲ್ಲಿದ್ದರೆ ಮಗ ಅಂಗಳದಲ್ಲಿರಬೇಕು. ಅಪ್ಪ ಅಂಗಳಕ್ಕೆ ಇಳಿದರೆ ಮಗ ಬೀದಿಗಿಳಿಯಬೇಕು. ಇಷ್ಟು ಮರ್ಯಾದಸ್ಥ ನಿಯಮ ನಮ್ಮ ಅವಿಭಕ್ತ ಕುಟುಂಬಗಳಲ್ಲೂ ಇರಲಿಲ್ಲ.

1983-84ರ ಎರಡನೇ ಡಿವಿಷನ್ನಿನ ಅಂಕಪಟ್ಟಿಯನ್ನು ನೋಡಿ. ಮೊದಲ ಸ್ಥಾನದಲ್ಲಿ ರಿಯಲ್ ಮ್ಯಾಡ್ರಿಡ್‌ನ ಮೀಸಲು ತಂಡವಾದ ಕಸ್ತೀಯಾ, ಎರಡನೆಯದರಲ್ಲಿ ಅಥ್ಲೆಟಿಕ್ ಕ್ಲಬ್ಬಿನ ಮೀಸಲು ತಂಡವಾದ ಬಿಲ್ಬಾವೊ ಅಥ್ಲೆಟಿಕ್. ಮೇಲಿನ ಡಿವಿಷನ್ನಿಗೆ ಹೋದವರು ಹೆರ್ಕುಲೆಸ್, ರೇಸಿಂಗ್ ಸಂತಾಂದೇರ್ ಮತ್ತು ಎಲ್ಚೆ. ವರ್ಷವಿಡೀ ಓದಿ ತರಗತಿಗೆ ಮೊದಲಿಗರಾದ ಇಬ್ಬರನ್ನು ಅದೇ ಬೆಂಚಿನಲ್ಲಿ ಕೂರಿಸಿ, ಅವರ ಹಿಂದಿನ ಮೂವರನ್ನು ಪಾಸು ಮಾಡಿದ ಹಾಗೆ. ಅನುತ್ತೀರ್ಣರಾದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ಶಾಲೆಗಳನ್ನು ನಾವೆಲ್ಲ ಕಂಡಿದ್ದೇವೆ. ಉತ್ತೀರ್ಣರಾದದ್ದಕ್ಕೇ ಉಳಿಸಿಕೊಳ್ಳುವ ಶಾಲೆ ಅಪರೂಪ.

ಹುಡುಗರಿಗೆ ಅನ್ಯಾಯವಾಯಿತೆಂದು ಮಾತ್ರ ಯಾರೂ ಹೇಳಕೂಡದು, ಏಕೆಂದರೆ ಒಬ್ಬೊಬ್ಬರಾಗಿ ಹತ್ತುವುದಕ್ಕೆ ಏಣಿ ಇದ್ದೇ ಇತ್ತು. ಅದೇ ಋತುವಿನ ನಡುವೆ, 1984ರ ಫೆಬ್ರವರಿ 5ರಂದು, ಕಾದೀಸ್ ಊರಿನಲ್ಲಿ ಮ್ಯಾಡ್ರಿಡ್‌ನ ಹಿರಿಯರು ಎರಡು ಗೋಲು ಹಿಂದೆ ಬಿದ್ದಾಗ ಕೋಚ್ ಡಿ ಸ್ಟೆಫಾನೊ ಅವರು ಕಸ್ತೀಯಾದ ಎಮಿಲಿಯೊ ಬುತ್ರಗೆನ್ಯೊನನ್ನು ಕಣಕ್ಕಿಳಿಸಿದರು. ಆತ ಎರಡು ಗೋಲು ಹೊಡೆದ, ಹಿರಿಯರು 3-2ರಿಂದ ಗೆದ್ದರು. ಅಪ್ಪನ ಮನೆ ಸೋರತೊಡಗಿದಾಗ ಮಗನ ಹಿತ್ತಲಿನಿಂದ ಒಳ್ಳೆಯ ಹೆಂಚನ್ನು ಕಿತ್ತು ತರಬಹುದು, ಆದರೆ ಮಗ ತನ್ನ ಮನೆಯನ್ನೇ ಎರಡು ಅಂತಸ್ತು ಮಾಡಿಕೊಳ್ಳುವಂತಿಲ್ಲ.

ನಿಯಮದ ಹಿಂದೆ ಕಾರಣವಿಲ್ಲ ಎನ್ನಲಾಗದು. ಒಂದೇ ಧಣಿಯ ಎರಡು ತಂಡಗಳು ಒಂದೇ ಡಿವಿಷನ್ನಿನಲ್ಲಿ ಎದುರುಬದುರಾದರೆ ಯಾರು ಯಾರಿಗೆ ಅಂಕ ಬಿಟ್ಟುಕೊಡುತ್ತಾರೆಂಬ ಸಂಶಯ ಸಹಜವಾದದ್ದೇ. ಆ ಸಂಶಯದ ಪರಿಹಾರಕ್ಕಾಗಿ ದೇಶವೇ ಒಮ್ಮೆ ಪ್ರಯೋಗ ನಡೆಸಿಕೊಟ್ಟಿತ್ತು. ಸ್ಪೇನಿನ ರಾಷ್ಟ್ರೀಯ ಕಪ್ ಟೂರ್ನಿಯಾದ ಕೋಪಾ ಡೆಲ್ ರೇಯಲ್ಲಿ, 1980ರಲ್ಲಿ, ಕಸ್ತೀಯಾ ಮೊದಲ ಡಿವಿಷನ್ನಿನ ನಾಲ್ಕು ತಂಡಗಳನ್ನು ಹೊರದಬ್ಬಿ ಫೈನಲ್ ತಲುಪಿತು. ಅಲ್ಲಿ ಎದುರಾದದ್ದು ಸ್ವಂತ ಅಪ್ಪ, ಕ್ರೀಡಾಂಗಣವೂ ಅಪ್ಪನದೇ. ಅಪ್ಪ 6-1ರಿಂದ ಗೆದ್ದು, ಮೋಸದಾಟದ ಅನುಮಾನಕ್ಕೆ ಎಳ್ಳಷ್ಟೂ ಎಡೆಗೊಡಲಿಲ್ಲ. ಯಾರೇ ಗೆದ್ದಿದ್ದರೂ ಟ್ರೋಫಿ ಇರುತ್ತಿದ್ದದ್ದು ಒಂದೇ ಕಪಾಟಿನಲ್ಲಿ ಎಂಬುದು ಬೇರೆ ಮಾತು.

ಆ ವರ್ಷ ಲೀಗನ್ನೂ ಅಪ್ಪನೇ ಗೆದ್ದಿದ್ದರಿಂದ, ಯುರೋಪಿನ ಕಪ್ ವಿಜೇತರ ಟೂರ್ನಿಗೆ ಹೋಗುವ ಅವಕಾಶ ಮಗನ ಪಾಲಿಗೆ ಬಂತು. ಸ್ವದೇಶದ ಮೊದಲ ಡಿವಿಷನ್ನಿಗೆ ಅನರ್ಹವಾದ ತಂಡ ಯುರೋಪಿಗೆ ಅರ್ಹವಾಯಿತು! ಎದುರಾಳಿ ವೆಸ್ಟ್ ಹ್ಯಾಮ್ ಕೂಡ ಆಗ ಇಂಗ್ಲೆಂಡಿನ ಎರಡನೇ ಡಿವಿಷನ್ನಿನ ತಂಡವಾಗಿತ್ತು. ಮ್ಯಾಡ್ರಿಡ್‌ನಲ್ಲಿ ಕಸ್ತೀಯಾ 3-1ರಿಂದ ಗೆದ್ದಿತು. ಗ್ಯಾಲರಿಯಲ್ಲಾದ ಗಲಾಟೆಯ ಶಿಕ್ಷೆಯಾಗಿ, ಅಕ್ಟೋಬರ್ 1ರಂದು ಲಂಡನ್ನಿನ ಅಪ್ಟನ್ ಪಾರ್ಕ್‌ನಲ್ಲಿ ಆ ಸುತ್ತಿನ ಎರಡನೇ ಪಂದ್ಯವನ್ನು ಬಾಗಿಲು ಹಾಕಿಕೊಂಡು ಆಡಿಸಲಾಯಿತು. ಒಳಗಿದ್ದವರ ಲೆಕ್ಕ 262. ಒಂದು ಮದುವೆಯ ಮೊದಲ ಪಂಕ್ತಿಗೂ ಸಾಲದಷ್ಟು ಜನರ ಮುಂದೆ ಹೆಚ್ಚುವರಿ ಸಮಯದವರೆಗೂ ಸೆಣಸಿ, ಹುಡುಗರು 5-1ರಿಂದ ಸೋತರು.

ಅಂಥ ಉದ್ಧಟತನ ಮರುಕಳಿಸದಿರಲೆಂದೋ ಏನೋ, 1990-91ರಿಂದ ಮೀಸಲು ತಂಡಗಳಿಗೆ ಕೋಪಾದ ಬಾಗಿಲನ್ನೂ ಮುಚ್ಚಲಾಯಿತು. ಈ ಸಂಸ್ಕಾರ ಸ್ಪೇನ್ ಒಂದರ ಸೊತ್ತಲ್ಲ. 2017-18ರಲ್ಲಿ ನೆದರ್ಲೆಂಡ್ಸ್‌ನ ಎರಡನೇ ಸ್ತರದಲ್ಲಿ ಅಯಾಕ್ಸ್ ಕ್ಲಬ್ಬಿನ ಮೀಸಲು ತಂಡವಾದ ಯೋಂಗ್ ಅಯಾಕ್ಸ್ ಚಾಂಪಿಯನ್ ಆಗಿ ಅಲ್ಲೇ ಉಳಿಯಿತು, ಎರಡನೆಯದಾದ ಫೋರ್ಟುನಾ ಸಿಟ್ಟಾರ್ಡ್ ಮೇಲೆ ಹೋಯಿತು. ನಮ್ಮಲ್ಲೂ ಐಎಸ್ಎಲ್ ಕ್ಲಬ್ಬುಗಳ ಮೀಸಲು ತಂಡಗಳು, ಬೆಂಗಳೂರು ಎಫ್‌ಸಿಯದೂ ಸೇರಿದಂತೆ, ಐ-ಲೀಗ್ ಎರಡನೇ ಡಿವಿಷನ್ನಿನಲ್ಲಿ ಆಡಿದಾಗ ಬಡ್ತಿಯ ಹಂಗಿಲ್ಲದೆ ನಿಷ್ಕಾಮ ಕರ್ಮಿಗಳಾಗಿ ಆಡಿದವು.

ನಿಯಮದ ಪೂರ್ಣ ವೈಭವವನ್ನು ಕಾಣಬೇಕಾದರೆ 2012ರ ಮೇ 13ಕ್ಕೆ ಬರಬೇಕು. ಅಂದು ಮೊದಲ ಡಿವಿಷನ್ನಿನ ಕೊನೆಯ ಸುತ್ತಿನಲ್ಲಿ, ವಿಯ್ಯಾರಿಯಾಲ್‌ನ ಮೈದಾನದಲ್ಲಿ, ಅಟ್ಲೆಟಿಕೊ ಮ್ಯಾಡ್ರಿಡ್‌ನ ಫಾಲ್ಕಾವೊ 88ನೇ ನಿಮಿಷದಲ್ಲಿ ಗೋಲು ಹೊಡೆದ. ಅದೇ ಋತುವಿನಲ್ಲಿ ಚಾಂಪಿಯನ್ಸ್ ಲೀಗ್ ಆಡಿದ್ದ ವಿಯ್ಯಾರಿಯಾಲ್ ಎರಡನೇ ಡಿವಿಷನ್ನಿಗೆ ಕುಸಿಯಿತು. ಆ ಡಿವಿಷನ್ನಿನಲ್ಲಿ ಅದರ ‘ಬಿ’ ತಂಡ ತನ್ನ ಪಾಡಿಗೆ ತಾನು ಸುರಕ್ಷಿತವಾಗಿ ಆಡಿಕೊಂಡಿತ್ತು. ಅಪ್ಪ ಇಳಿದು ಬಂದದ್ದರಿಂದ ಮಗ ಜಾಗ ತೆರವು ಮಾಡಿ ಮೂರನೆಯದಕ್ಕೆ ಇಳಿಯಬೇಕಾಯಿತು. ಆದರೆ ಎರಡನೇ ಡಿವಿಷನ್ನಿನ ಋತು ಮುಗಿಯುವುದು ಜೂನ್ 3ಕ್ಕೆ. ಆದ್ದರಿಂದ ತಾವು ಆಡದ ಪಂದ್ಯದಲ್ಲಿ ತಮ್ಮ ಹಣೆಬರಹ ತೀರ್ಮಾನವಾದ ಬಳಿಕವೂ ಆ ಹುಡುಗರು ಬೂಟಿನ ದಾರ ಬಿಗಿದುಕೊಂಡು, ಸಾಲಾಗಿ ನಿಂತು ಎದುರಾಳಿಗಳ ಕೈ ಕುಲುಕಿ, ಬಾಕಿ ಪಂದ್ಯಗಳನ್ನು ಶಿಸ್ತಾಗಿ ಆಡಿ ಮುಗಿಸಿದರು. ಇಪ್ಪತ್ತೆರಡು ತಂಡಗಳ ಪಟ್ಟಿಯಲ್ಲಿ ಅವರದು 12ನೇ ಸ್ಥಾನ.