ಒಂದು ವೋಟ್ ಒತ್ತಿ ಅಕ್ಕಾ

ವರ್ಷಗಟ್ಟಲೆ ಸುದ್ದಿಯೇ ಇಲ್ಲದವರು ಇದ್ದಕ್ಕಿದ್ದಂತೆ 'ಹೇಗಿದ್ದೀರಿ ಅಕ್ಕಾ, ತೋಟ ಎಲ್ಲ ಚೆನ್ನಾಗಿದ್ಯಾ?' ಎಂದು ಮೆಸೇಜ್ ಕಳಿಸಿದರೆ ನಮ್ಮ ಕೊಡಗಿನಲ್ಲಿ ಈಗ ಎರಡೇ ಅರ್ಥ. ಒಂದೋ ಅವರ ಮನೆಯಲ್ಲಿ ಮದುವೆ ಇದೆ, ಇಲ್ಲವೇ ಅವರ ಮನೆಯ ಫೋಟೋ ಯಾವುದೋ ಆನ್‌ಲೈನ್ ಸ್ಪರ್ಧೆಯಲ್ಲಿದೆ. ಮದುವೆಯಾದರೆ ಊಟವಾದರೂ ಸಿಗುತ್ತದೆ. ಸ್ಪರ್ಧೆಯಾದರೆ ಲಿಂಕ್ ಸಿಗುತ್ತದೆ. ಅದನ್ನು ಒತ್ತಬೇಕು, ಹೆಸರು ಕೊಡಬೇಕು, ನಂಬರ್ ಕೊಡಬೇಕು, ಓಟಿಪಿಗೆ ಕಾಯಬೇಕು. ಓಟಿಪಿ ಬರಬೇಕಾದರೆ ಮೊದಲು ಸಿಗ್ನಲ್ ಬರಬೇಕು. ಅದಕ್ಕೆ ಛತ್ರಿ ಹಿಡಿದು ಗೇಟಿನ ತನಕ ನಡೆಯಬೇಕು. ಅಷ್ಟರಲ್ಲಿ ಓಟಿಪಿಯ ಟೈಮ್ ಮುಗಿದಿರುತ್ತದೆ.

ಪಕ್ಕದ ತೋಟದ ಹುಡುಗಿ ಹೀಗೇ ಒಮ್ಮೆ ವೋಟ್ ಕೇಳಿದಳು. ಹುಡುಗಿ ಅಂದರೆ ಎರಡು ಮಕ್ಕಳ ತಾಯಿ, ನನಗಿಂತ ಚಿಕ್ಕವಳು ಅಷ್ಟೇ. ಮನೆ ಅಲಂಕಾರದ ಸ್ಪರ್ಧೆ, ಓದುಗರೇ ತೀರ್ಪುಗಾರರು. ಅವಳ ಫೋಟೋ ನಿಜಕ್ಕೂ ಚೆನ್ನಾಗಿತ್ತು. ಜಗಲಿ, ಕೆಂಪು ನೆಲ, ಹಳೆಯ ಕಾಫಿ ಗಿಡದ ಬೊಡ್ಡೆಯ ಮೇಲೆ ಗಾಜು ಕೂರಿಸಿ ಮಾಡಿದ ಟೀಪಾಯಿ, ಹಿತ್ತಾಳೆ ಚೆಂಬಿನಲ್ಲಿ ಮೂರು ಆಂಥೂರಿಯಂ. ಬಿಸಿಲು ಓರೆಯಾಗಿ ಬಿದ್ದಿತ್ತು. ಜನವರಿಯ ಬಿಸಿಲು, ನೋಡಿದರೇ ಗೊತ್ತಾಗುತ್ತದೆ. ಆದರೆ ಲಿಂಕ್ ಬಂದದ್ದು ಜುಲೈಯಲ್ಲಿ. ಆಗ ಅದೇ ಜಗಲಿಯಲ್ಲಿ ನಾಲ್ಕು ಜೊತೆ ಗಂಬೂಟು, ನೀರು ಸುರಿಸುವ ಛತ್ರಿಗಳು, ಹಗ್ಗದ ತುಂಬ ಒಣಗದ ಯೂನಿಫಾರ್ಮ್, ಜಿಗಣೆಗೆ ಎಂದು ಕಿಟಕಿಯಲ್ಲಿಟ್ಟ ಉಪ್ಪಿನ ಡಬ್ಬಿ. ಟೀಪಾಯಿಯ ಕಾಲಿಗೆ ಬೂಷ್ಟು. ಸ್ಪರ್ಧೆಯ ನಿಯಮದಲ್ಲಿ 'ಇತ್ತೀಚಿನ ಫೋಟೋ ಆಗಿರಬೇಕು' ಅಂತ ಇತ್ತು. ಎಷ್ಟು ಇತ್ತೀಚಿನದು ಅಂತ ಇರಲಿಲ್ಲ. ಬೇರೆ ಊರಿನವರಿಗೆ ಆರು ತಿಂಗಳು ಇತ್ತೀಚೆಗೇ ಇರಬಹುದು. ಇಲ್ಲಿ ಜನವರಿಯ ಮನೆ ಬೇರೆ, ಜುಲೈಯ ಮನೆ ಬೇರೆ. ಗೋಡೆ ಮಾತ್ರ ಒಂದೇ, ಅದೂ ಬಣ್ಣ ಬದಲಿಸಿರುತ್ತದೆ.

ಅವಳು ಮೋಸ ಮಾಡಿದಳು ಅಂತಲ್ಲ. ನಿಯಮ ಬರೆದವರು ಒಂದು ಸಾಲು ಜಾಸ್ತಿ ಬರೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ಅಲ್ವಾ?

ನನಗೆ ಈ ನಿಯಮಗಳನ್ನು ಓದುವ ಚಟ. ಬಹುಮಾನದ ಮೊತ್ತ ದಪ್ಪ ಅಕ್ಷರದಲ್ಲಿ ಇರುತ್ತದೆ, ನಿಯಮ ಇರುವೆ ಸಾಲಿನ ಹಾಗೆ ಕೆಳಗೆ ಹರಿಯುತ್ತದೆ. 'ಒಬ್ಬರಿಗೆ ಒಂದೇ ಮತ.' ಒಬ್ಬರು ಅಂದರೆ ಯಾರು? ಕೆಲವು ಕಡೆ ಫೋನ್ ನಂಬರ್ ಎಣಿಸುತ್ತಾರೆ, ಕೆಲವು ಕಡೆ ಇಮೇಲ್, ಇನ್ನು ಕೆಲವು ಕಡೆ ಇಂಟರ್ನೆಟ್ ವಿಳಾಸ. ಕೊನೆಯದಾದರೆ ಒಂದೇ ವೈಫೈ ಬಳಸುವ ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಸೇರಿ ಒಬ್ಬರು. ಇಮೇಲ್ ಆದರೆ ಕಾಲೇಜಿಗೆ ಹೋಗುವ ಒಬ್ಬ ಹುಡುಗ ಕೂತಲ್ಲೇ ಹತ್ತು ಜನ ಆಗುತ್ತಾನೆ. 'ದಿನಕ್ಕೊಂದು ಮತ ಹಾಕಬಹುದು' ಎನ್ನುವ ಸ್ಪರ್ಧೆಗಳೂ ಇವೆ. ಅಲ್ಲಿ ಗೆಲ್ಲುವುದು ಮನೆಯ ಚಂದವಲ್ಲ, ನೆಂಟರ ನೆನಪಿನ ಶಕ್ತಿ.

ನೆಂಟರ ವಿಷಯಕ್ಕೆ ಬಂದರೆ ಕೊಡಗಿನಲ್ಲಿ ಪೈಪೋಟಿ ಶುರುವಾಗುವ ಮೊದಲೇ ಮುಗಿದಿರುತ್ತದೆ. ಒಂದೊಂದು ಒಕ್ಕದ, ಅಂದರೆ ಕೊಡವ ಮನೆತನದ, ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟು ಜನ ಇರುತ್ತಾರೆ ಅಂದುಕೊಂಡಿರಿ? 1997ರಲ್ಲಿ ಕರಡ ಎಂಬ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯ ಶುರುಮಾಡಿದರಲ್ಲ, ಅದು ನಡೆಯುವುದೇ ಒಂದೊಂದು ಮನೆತನದಲ್ಲೂ ಒಂದು ತಂಡ ಕಟ್ಟುವಷ್ಟು ಜನ ಇರುವುದರಿಂದ. ಅಂಥ ಮನೆತನದ ಸೊಸೆ ಫೋಟೋ ಹಾಕಿದರೆ ದುಬೈ, ಬೆಂಗಳೂರು, ಕೆನಡಾ ಎಲ್ಲ ಕಡೆಯಿಂದ ಮತ ಬೀಳುತ್ತದೆ. ಅದೇ ಊರಿನ ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಇರುವ ಹೆಂಗಸು ಹಳೆ ಸೀರೆಯ ಅಂಚಿನಲ್ಲಿ ಪರದೆ ಹೊಲಿದು, ಎಣ್ಣೆ ಡಬ್ಬಕ್ಕೆ ಬಣ್ಣ ಬಳಿದು ಡೇಲಿಯಾ ಬೆಳೆಸಿದರೆ ಅವಳಿಗೆ ಗಂಡನದ್ದೊಂದು ಮತ. ಅದೂ ಅವನ ಫೋನಿನಲ್ಲಿ ಡೇಟಾ ಇದ್ದರೆ. ಹಾಕಿಯಲ್ಲಾದರೆ ಎಷ್ಟೇ ದೊಡ್ಡ ಮನೆತನ ಬಂದರೂ ಮೈದಾನಕ್ಕೆ ಇಳಿಯುವುದು ಹನ್ನೊಂದೇ ಜನ.

ಇನ್ನು ಹೋಂಸ್ಟೇ. ಇದು ಮನೆಯೋ ಅಂಗಡಿಯೋ ನನಗಂತೂ ಬಗೆಹರಿದಿಲ್ಲ. ಬಂದವರು ಕಾಸು ಕೊಟ್ಟು ಮಲಗುತ್ತಾರೆ, ಹಾಸಿಗೆಯ ಮೇಲೆ ಟವೆಲಿನ ಹಂಸ ಇರುತ್ತದೆ, ಮೂಲೆಗೆ ದೀಪ ಹಾಕಲು ಕೆಲಸ ಗೊತ್ತಿರುವವರನ್ನು ಕರೆಸಿರುತ್ತಾರೆ. ಅದೇ ಫೋಟೋ 'ನಮ್ಮ ಮನೆಯ ಪ್ರೀತಿಯ ಮೂಲೆ' ಎಂದು ಸ್ಪರ್ಧೆಗೆ ಬರುತ್ತದೆ. ಮತ ಕೇಳುವ ಮೆಸೇಜಿನ ಕೊನೆಗೆ ಬುಕಿಂಗ್ ನಂಬರ್ ಬೇರೆ. ತಪ್ಪೇನು ಅಂತ ಕೇಳಿದರೆ ನಿಯಮದಲ್ಲಿ ಬೇಡ ಅಂತ ಬರೆದಿಲ್ಲವಲ್ಲ ಅನ್ನುತ್ತಾರೆ. ಹೌದು, ಬರೆದಿಲ್ಲ.

ಓದುಗರಿಗೆ ಮತ ಕೊಟ್ಟು ಆಮೇಲೆ ಕೈಕೈ ಹಿಸುಕಿಕೊಂಡವರಲ್ಲಿ ದೊಡ್ಡವರೂ ಇದ್ದಾರೆ ಎನ್ನುವುದೊಂದೇ ಸಮಾಧಾನ. 2000ದಲ್ಲಿ ಫಿಫಾ ಶತಮಾನದ ಫುಟ್‌ಬಾಲ್ ಆಟಗಾರ ಯಾರು ಅಂತ ಇಂಟರ್ನೆಟ್‌ನಲ್ಲಿ ಕೇಳಿತು. ಅರ್ಧಕ್ಕಿಂತ ಜಾಸ್ತಿ ಮತ ಮರಡೋನಾಗೆ ಬಿತ್ತು. ಪೆಲೆಯ ಆಟವನ್ನು ಕಣ್ಣಾರೆ ಕಂಡವರು ಇಂಟರ್ನೆಟ್‌ನಲ್ಲಿ ಕಡಿಮೆ ಅಂತ ಆಮೇಲೆ ಹೊಳೆಯಿತು. ಬಲ್ಲವರ ಇನ್ನೊಂದು ಗುಂಪು ಸೇರಿಸಿದರು, ಅದು ಪೆಲೆಯನ್ನು ಆರಿಸಿತು, ಕೊನೆಗೆ ಇಬ್ಬರಿಗೂ ಪ್ರಶಸ್ತಿ. ಯಾರಿಗೂ ಪೂರ್ತಿ ಖುಷಿ ಆಗಲಿಲ್ಲ. 2016ರಲ್ಲಿ ಬ್ರಿಟನ್ನಿನ ಸಂಶೋಧನಾ ಹಡಗಿಗೆ ಹೆಸರು ಸೂಚಿಸಿ ಅಂದಾಗ ಜನ ತಮಾಷೆಗೆ 'ಬೋಟಿ ಮ್ಯಾಕ್‌ಬೋಟ್‌ಫೇಸ್' ಎಂಬ ಹೆಸರನ್ನೇ ಗೆಲ್ಲಿಸಿದರು. ಹಡಗಿಗೆ ಇಟ್ಟದ್ದು ಪ್ರಕೃತಿಯ ಸಾಕ್ಷ್ಯಚಿತ್ರಗಳಿಗೆ ಹೆಸರಾದ ಡೇವಿಡ್ ಅಟೆನ್‌ಬರೋ ಹೆಸರು. ಗೆದ್ದ ಹೆಸರು ಅದರೊಳಗಿನ ಒಂದು ಪುಟ್ಟ ನೀರೊಳಗಿನ ಯಂತ್ರಕ್ಕೆ ಹೋಯಿತು. ಅಲ್ಲಿ ಕೊನೆಯ ಮಾತು ನಮ್ಮದೇ ಅಂತ ಮೊದಲೇ ಬರೆದಿದ್ದರು, ಆದ್ದರಿಂದ ನನಗೆ ಫಿಫಾಗಿಂತ ಆ ಹಡಗಿನವರೇ ವಾಸಿ ಅನ್ನಿಸುತ್ತದೆ. ಆಟ ಮುಗಿದ ಮೇಲೆ ಗೋಲ್‌ಪೋಸ್ಟ್ ಸರಿಸಲಿಲ್ಲ.

ನಮ್ಮಲ್ಲೇ ನೋಡಿ. ಮಡಿಕೇರಿ ದಸರಾದ ದಶಮಂಟಪಗಳಿಗೂ ಬಹುಮಾನ ಇದೆ, ತೀರ್ಪುಗಾರರಿದ್ದಾರೆ. ಹತ್ತು ಮಂಟಪಗಳು ರಾತ್ರಿಯಿಡೀ ದೀಪ ಉರಿಸಿ, ದೇವರು ರಾಕ್ಷಸರನ್ನು ಕುಣಿಸಿ ತೋರಿಸುತ್ತವೆ. ತೀರ್ಪು ಬಂದ ಮೇಲೆ ಗೊಣಗಾಟ ಇಲ್ಲದೆ ಇರುತ್ತದೆಯೇ? ಆದರೆ ಗೊಣಗುವವರಿಗೆ ಕನಿಷ್ಠ ಯಾರ ಕಡೆ ಮುಖ ಮಾಡಿ ಗೊಣಗಬೇಕು ಅಂತ ಗೊತ್ತಿರುತ್ತದೆ. ತೀರ್ಪುಗಾರರು ಮಂಟಪದ ಎದುರೇ ನಿಂತು ನೋಡಿರುತ್ತಾರೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಅದೂ ಬೇಡ. ಕಾಯಿಗೆ ಗುಂಡು ತಾಗಿತೋ ಇಲ್ಲವೋ ಅನ್ನುವುದನ್ನು ಇಡೀ ಊರು ಕತ್ತೆತ್ತಿ ನೋಡುತ್ತದೆ. ಮನೆಯ ಚಂದವನ್ನು ಹಾಗೆ ಅಳೆಯಲು ಆಗುವುದಿಲ್ಲ, ಒಪ್ಪಿದೆ. ಆದರೆ ಎಣಿಸುತ್ತಿರುವುದು ಚಂದವನ್ನೋ ಪರಿಚಯಸ್ಥರನ್ನೋ ಅಂತ ಹೇಳಿಬಿಟ್ಟರೆ ಆಗದೇ? 'ಅತಿ ಹೆಚ್ಚು ನೆಂಟರಿರುವ ಮನೆ' ಅಂತ ಬಹುಮಾನ ಇಡಲಿ. ನಾನೇ ಬೆಳಗ್ಗೆ ಎದ್ದು ಮತ ಹಾಕುತ್ತೇನೆ.

ಇದನ್ನೆಲ್ಲ ಪಕ್ಕದ ತೋಟದವಳ ಹತ್ತಿರ ಹೇಳಿದೆ. ಅವಳಿಗೆ ಬಹುಮಾನ ಬಂದಿರಲಿಲ್ಲ, ಆದ್ದರಿಂದ ಆಸಕ್ತಿಯಿಂದ ಕೇಳಿದಳು. ಗೆದ್ದಿದ್ದರೆ ನಿಯಮಗಳ ಬಗ್ಗೆ ಯಾರಿಗೆ ಬೇಕು? 'ಹಾಗಾದರೆ ನೀವೇ ಒಂದು ಸ್ಪರ್ಧೆ ಇಡಿ ಅಕ್ಕಾ' ಅಂದಳು. ಇಡೋಣ, ಅಂದೆ. ಫೋಟೋ ಬೇಡ. ಹೋಂಸ್ಟೇಗೆ ಬೇರೆ ವಿಭಾಗ. ಮನೆಗೆ ಬಂದು, ಜಗಲಿಯಲ್ಲಿ ಕೂತು, ಒಂದು ಲೋಟ ಕಾಫಿ ಕುಡಿದವರಿಗೆ ಮಾತ್ರ ಮತ. ಮುಂಚೆ ಹೇಳದೆ ಬರುತ್ತಾರೆ, ಜುಲೈ ಮೂರನೇ ವಾರ.

ಅವಳು ಒಂದು ಕ್ಷಣ ಲೆಕ್ಕ ಹಾಕಿದಳು. 'ಜುಲೈಯಲ್ಲಾ? ಕಾಫಿ ಬೇಕಾದರೆ ನಾನೇ ಫ್ಲಾಸ್ಕಲ್ಲಿ ತಂದು ಕೊಡ್ತೇನೆ. ನಮ್ಮನೆಗೆ ಮಾತ್ರ ಯಾರನ್ನೂ ಕಳಿಸಬೇಡಿ.'